ಇಲ್ಲದ ಹೊಸ್ತಿಲು

ನನ್ನ ಅಂಗಡಿಯಲ್ಲಿ ಇಲ್ಲದ ಹೊಸ್ತಿಲೊಂದನ್ನು ನಾನು ಇಂದಿಗೂ ದಾಟುತ್ತೇನೆ. ನುಣ್ಣನೆಯ ಟೈಲ್ಸ್ ಮೇಲೆ ನಡೆಯುವಾಗ ಕಾಲು ತಾನಾಗಿ ಮೇಲೇಳುತ್ತದೆ. ಗಿರಾಕಿಗಳು ನಗುತ್ತಾರೆ. ನಗಲಿ, ಅವರಿಗೇನು ಗೊತ್ತು.

ಗೋಕಾಕ ಪೇಟೆಯ ನಮ್ಮ ಓಣಿಯಲ್ಲಿ ಆರು ಮನೆಗಳು ಗೋಡೆಗೆ ಗೋಡೆ ಹಚ್ಚಿಕೊಂಡು ನಿಂತಿವೆ. ಕಟ್ಟಿದ ಕೈ ಒಂದೇ, ಅಳತೆ ಒಂದೇ: ಕಲ್ಲಿನ ಕಟ್ಟೆ, ಹಲಗೆ ಬಾಗಿಲಿನ ಅಂಗಡಿ, ಹೊಸ್ತಿಲು ದಾಟಿದರೆ ಎರಡು ಸಾಗವಾನಿ ಕಂಬದ ಪಡಸಾಲೆ, ಹಿಂದೆ ಅಡುಗೆಮನೆ. ಆಗ ಹಳೆಯ ರೂಪದಲ್ಲಿ ಉಳಿದಿದ್ದವು ಎರಡೇ, ನಮ್ಮದು ಮತ್ತು ಬಾಜೂವಿನದು. ನಮ್ಮದು ಕಂಬಳಿ ಅಂಗಡಿ. ತುಕ್ಕಾನಟ್ಟಿ, ಮಸಗುಪ್ಪಿಯ ಕುರುಬರು ಕಂಬಳಿ ಹೊತ್ತು ತಂದು ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದರು. ಅವ್ವನ ಕಣ್ಣು ಪೂರ್ತಿ ಹೋಗಿ ಎಷ್ಟೋ ವರ್ಷವಾಗಿತ್ತು. ಆದರೂ ಕಂಬ ಮುಟ್ಟುತ್ತ, ಹೊಸ್ತಿಲು ಎಡವದೆ ಮನೆತುಂಬ ಓಡಾಡುತ್ತಿದ್ದಳು. ಹೊಸಬರಿಗೆ ಅವಳಿಗೆ ಕಣ್ಣಿಲ್ಲವೆಂದೇ ತಿಳಿಯುತ್ತಿರಲಿಲ್ಲ.

ನನಗೆ ರೆಡಿಮೇಡ್ ಬಟ್ಟೆಯ ಹುಚ್ಚು ಹತ್ತಿತು. ಧೂಳು ಬೇಡವೆಂದು ಅವ್ವನನ್ನು ಘೋಡಗೇರಿಯ ಅಕ್ಕನ ಮನೆಗೆ ಕಳಿಸಿ ಕಟ್ಟೆ ಒಡೆಸಿದೆ, ಹೊಸ್ತಿಲು ಕೀಳಿಸಿದೆ, ಪಡಸಾಲೆಯನ್ನು ಅಂಗಡಿಗೆ ಸೇರಿಸಿ ಗಾಜು, ಶಟರ್ ಹಾಕಿಸಿದೆ. ಕಂಬಗಳನ್ನು ಹುಕ್ಕೇರಿ ಕಡೆಯ ಯಾರೋ ಒಯ್ದರು. ಕಾಣದವಳಿಗೆ ಇದನ್ನೆಲ್ಲ ಏನು ಹೇಳುವುದು ಅಂದುಕೊಂಡೆ. ಎಂಥ ಮೂರ್ಖ ನಾನು!

ಮರಳಿ ಬಂದವಳು ನಾಲ್ಕು ಹೆಜ್ಜೆ ಇಟ್ಟು ಕೈ ಚಾಚಿದಳು. ಕಂಬ ಸಿಗಲಿಲ್ಲ. ಇನ್ನಷ್ಟು ಚಾಚಿದಳು, ಗಾಜು ತಗಲಿತು.

"ಇದು ಯಾರ ಮನಿಯಪ್ಪಾ?"

"ನಮ್ಮದ ಐತಿ ಅವ್ವಾ."

"ಸುಳ್ಳ ಹೇಳಬ್ಯಾಡ. ನನ್ನ ಮನಿಗೆ ಕರಕೊಂಡ ಹೋಗು."

ಎಂಟು ದಿನ ಇದೇ ಹಟ. ಸೋತು, ಬಾಜೂವಿನ ಕಿರಾಣಿ ಅಂಗಡಿಯ ಮನೆಗೆ ಕರೆದೊಯ್ದೆ. ಅವ್ವ ಹೊಸ್ತಿಲು ಮುಟ್ಟಿ ನಮಸ್ಕರಿಸಿ ದಾಟಿದಳು, ಕಂಬ ತಬ್ಬಿದಳು, ಸರಸರನೆ ಅಡುಗೆಮನೆಗೆ ಹೋದಳು. "ಬಂದ್ಯಾ? ಕೂಡು, ಚಾ ಮಾಡ್ತೇನಿ" ಎಂದಳು ನನಗೆ. ಆ ಮನೆಯಾಕೆ ಪುಣ್ಯವಂತೆ, ಕಣ್ಣೊರೆಸಿಕೊಂಡು ಸಕ್ಕರೆ ಡಬ್ಬಿಯನ್ನು ಅವಳ ಕೈಗೆ ಕೊಟ್ಟಳು.

ಅಂದಿನಿಂದ ಅವ್ವ ಹಗಲೆಲ್ಲ ಅಲ್ಲೇ, ಮಲಗಲು ಮಾತ್ರ ನಮ್ಮಲ್ಲಿಗೆ. ನಾನು ಅಂಗಡಿಯಲ್ಲಿ ಕೂತರೆ ಗೋಡೆಯಾಚೆ ಅವಳು ಕಂಬ ತಟ್ಟುವ ಸದ್ದು, ಯಾರನ್ನೋ ಕರೆಯುವ ದನಿ. ಬದುಕಿದ್ದಾಗಲೇ ಅವಳು ನನಗೆ ದೆವ್ವವಾದಳು.

ದೀಪಾವಳಿ ಮುಗಿದ ಮೇಲೆ ಕಿರಾಣಿ ಕಾಕಾ ಹೇಳಿದರು, "ನಾವೂ ಕಂಬ ತಗಸಾಕತ್ತೇವ್ರಿ."

"ಬ್ಯಾಡ್ರಿ ಕಾಕಾ, ಕೈ ಮುಗೀತೇನಿ."

"ಯಾಕ್ರಿ? ನಿಮ್ಮ ಅಂಗಡಿ ನೋಡೇ ನಮಗ ಮನಸ್ಸಾತು. ಎಷ್ಟ ಚಂದ ಆಗೇತಿ!"

ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕು.

ಅವರ ಕಂಬ ಕಿತ್ತ ದಿನದಿಂದ ಅವ್ವ ಹಾಸಿಗೆ ಬಿಟ್ಟು ಏಳಲಿಲ್ಲ. ಮನೆಗೆ ಕರೆದೊಯ್ಯೆಂದು ಮತ್ತೆ ಕೇಳಲೂ ಇಲ್ಲ. ಕೈ ಮಾತ್ರ ಗಾಳಿಯಲ್ಲಿ ತಡಕಾಡುತ್ತಿತ್ತು. ಒಂದು ಮಧ್ಯಾಹ್ನ ನಾನು ಪಕ್ಕದಲ್ಲಿ ಕೂತಿದ್ದಾಗ ಆ ಕೈ ನನ್ನ ತೋಳಿಗೆ ತಗಲಿತು, ಬಿಗಿಯಾಗಿ ಹಿಡಿಯಿತು. ಅವಳ ಮುಖ ಅರಳಿತು.

"ಇಲ್ಲೇ ಐತಿ ನೋಡು, ಕಂಬ" ಎಂದಳು.

ನಾನು ಸಂಜೆಯವರೆಗೂ ಅಲುಗಾಡಲಿಲ್ಲ.