ಎರಡು ಕೋಣೆಯ ಗೋಧಿ

ಎಂಬತ್ತರ ದಶಕದ ಮೊದಲ ವರ್ಷಗಳು. ವಾಹನಗಳ ಹೊಗೆ ಬಿಸಿಲಿಗೆ ಓಜೋನ್ ಆಗಿ ಗೋಧಿಯ ಇಳುವರಿ ತಗ್ಗಿಸುತ್ತದೆಯೇ ಎಂದು ನೋಡಲು, ರಾಯಚೂರಿನ ಹತ್ತಿರ ಗುಂಜಹಳ್ಳಿಯ ಹೊಲವೊಂದರಲ್ಲಿ ಗೋಧಿ ಪೈರಿನ ಸುತ್ತ ಪ್ಲಾಸ್ಟಿಕ್ ಹಾಳೆಯ ಎರಡು ಕೋಣೆ ಕಟ್ಟಿದ್ದೆ. ಮೇಲೆ ಚಾವಣಿಯಿಲ್ಲ. ಎರಡಕ್ಕೂ ಪಂಪ್‌ಸೆಟ್ಟಿನ ಲೈನಿನಿಂದ ಫ್ಯಾನು. ಒಂದು ಫ್ಯಾನಿನ ಮುಂದಿನ ಪೆಟ್ಟಿಗೆಯಲ್ಲಿ ಓಜೋನ್ ತಡೆಯುವ ಇದ್ದಿಲು. ಇನ್ನೊಂದರ ಪೆಟ್ಟಿಗೆ ಖಾಲಿ. ಎರಡೂ ಕೋಣೆಯ ಕಾಳು ತೂಗಿ ಹೋಲಿಸಿದರೆ ನನ್ನ ಪ್ರಬಂಧ, ಇಲ್ಲದಿದ್ದರೆ ಪದವಿಯಿಲ್ಲ.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಹೊಲದ ಯಜಮಾನ ಊಟಕ್ಕೆ ಕರೆದಿದ್ದ. ತೆನೆ ಹೊರಬೀಳುವ ಮುಂಚಿನ ಪೈರು ಬಸುರಿಯಂತೆ. ಅವಳ ಬಯಕೆ ತೀರಿಸಲು ಅಡುಗೆಯನ್ನು ಹೊಲದ ತುಂಬ ಚೆಲ್ಲುತ್ತಾರೆ, ಅದೇ ಚರಗ. ಸಜ್ಜಿ ರೊಟ್ಟಿ, ಪುಂಡಿಪಲ್ಯ ತಿಂದ ನೆನಪು. ಪಲ್ಯ ಬೇರೆ ವರ್ಷದ್ದೂ ಇರಬಹುದು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಖಾಲಿ ಇರಬೇಕಾದ ಪೆಟ್ಟಿಗೆಯಲ್ಲಿ ಇನ್ನೊಂದರ ಅರ್ಧ ಇದ್ದಿಲು ಕಂಡದ್ದು ಮಾತ್ರ ಖಂಡಿತ.

"ಯವ್ವಾ, ಇದು ಇಲ್ಲಿಗೆ ಹೆಂಗ ಬಂತು?" ಎಂದು ಯಜಮಾನನ ಹೆಂಡತಿಯನ್ನು ಕೇಳಿದೆ.

"ನಾನಽ ಹಾಕೀನಿ ತಮ್ಮಾ, ಹದಿನೈದು ದಿನ ಆತು. ಇಬ್ಬರೂ ಬಸುರಿ. ಒಬ್ಬಾಕಿಗಷ್ಟ ಚೊಲೊ ಗಾಳಿ ಕೊಟ್ರ, ಇನ್ನೊಬ್ಬಾಕಿ ಏನ್ ಮಾಡ್ಯಾಳ?"

ಯಜಮಾನ ನಗತೊಡಗಿದ. "ಇಬ್ಬರು ಸೊಸಿಯಂದ್ರಿಗೆ ಒಂದಽ ಬಣ್ಣದ ಸೀರಿ ತರಾಕಿ ಈಕಿ. ನಿಮ್ಮ ಗೋಧಿ ಬಿಡ್ತಾಳೇನ್ರಿ ಸರ?"

ನನ್ನ ಪದವಿಯ ಕಥೆ ಹೇಳಿದೆ. ಆಕೆ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ತಡವಾಗಿ ಬಿತ್ತಿದ್ದ ಮೂಲೆಯತ್ತ ಕೈತೋರಿಸಿದಳು.

"ಅದಿನ್ನಾ ಸಣ್ಣ ಹುಡುಗಿ ಅದ. ನಿನ್ನ ಕ್ವಾಣಿ ಅಲ್ಲಿಗೆ ಒಯ್ಯಿ. ಈ ಸಲ ನಾ ಮುಟ್ಟಂಗಿಲ್ಲ."

"ಮುಟ್ಟಿದ್ರ?" ಎಂದ ಯಜಮಾನ.

"ಮುಟ್ಟಿದ್ರ ನಿನ್ನ ಜೋಡಿ ಮಾತು ಬಿಡ್ತೀನಿ."

"ಹಂಗಾದ್ರ ಮುಟ್ಟು."

ಅದೇ ಮಧ್ಯಾಹ್ನ ಮೂವರೂ ನಗುತ್ತ, ಬೆವರುತ್ತ ಕೋಣೆಗಳನ್ನು ಕಿತ್ತು ಅಲ್ಲಿ ನೆಟ್ಟು, ಇದ್ದಿಲನ್ನೆಲ್ಲ ಮತ್ತೆ ಒಂದೇ ಪೆಟ್ಟಿಗೆಗೆ ತುಂಬಿದೆವು. ಆಕೆ ಮಾತಿಗೆ ತಪ್ಪಲಿಲ್ಲ. ಆದರೆ ಖಾಲಿ ಪೆಟ್ಟಿಗೆಯ ಕೋಣೆಯ ಮುಂದೆ ದಿನವೂ ನಿಂತು ಏನೋ ಸಮಾಧಾನ ಹೇಳುತ್ತಿದ್ದಳಂತೆ.

ಕೊಯ್ಲಿನಲ್ಲಿ ಇದ್ದಿಲ ಕೋಣೆಯ ಕಾಳು ಹೆಚ್ಚು ತೂಗಿತು. ಒಂದೇ ಹಂಗಾಮಿನ ಫಲ, ಬೇರೆ ಕಾರಣವೂ ಇದ್ದೀತು ಎಂದು ಪ್ರಬಂಧದಲ್ಲಿ ಬರೆದೆ. ಈಗಲೂ ಹಾಗೇ ಅನ್ನುತ್ತೇನೆ. ಆಕೆಗೆ ಅಂಥ ಅನುಮಾನವಿರಲಿಲ್ಲ. ಸೊರಗಿದ ಕಾಳನ್ನು ಮೊರದಲ್ಲಿ ಆಡಿಸಿ, "ನೋಡು, ಪಾಪ, ಎಷ್ಟು ತ್ರಾಸ ಪಟ್ಟಾಳ," ಎಂದಳು. ಆಮೇಲೆ, "ನಿಂದು ಮುಗೀತಲ್ಲ?" ಎಂದು ಕೇಳಿ, ನಾನು ಹೂಂ ಅಂದದ್ದೇ ತಡ, ಎರಡೂ ಕೋಣೆಯ ಗೋಧಿಯನ್ನು ಒಂದೇ ಪಾತ್ರೆಗೆ ಸುರಿದು ಹುಗ್ಗಿ ಮಾಡಲು ಒಯ್ದಳು.