ಕಟ್ಟಿದಷ್ಟೇ ಬಿಚ್ಚುವುದು

ಬ್ಯಾಡಗಿಯ ಸ್ಟೇಶನ್ ರಸ್ತೆಯ ಮಹಡಿಯಲ್ಲಿ ಕೂತು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜುಗಳಿಗೆ ಸಾಫ್ಟ್‌ವೇರ್ ಬರೆಯುವ ಪ್ರಭುಲಿಂಗಪ್ಪನವರಿಗೆ, ಫೈಲುಗಳನ್ನು ಒತ್ತಿ ಸಣ್ಣ ಮಾಡುವ, ಯಾರೋ ಬರೆದು ಪುಕ್ಕಟೆ ಕೊಟ್ಟ ಒಂದು ಪ್ರೋಗ್ರಾಮ್ ಲೈಬ್ರರಿಯ ಮೇಲೆ ಮನೆದೇವರ ಮೇಲಿದ್ದಷ್ಟೇ ಭಕ್ತಿ. ಯಾರಾದರೂ ಚಹಾಕ್ಕೆ ಬಂದರೆ ಕಿಟಕಿಯಾಚೆ ಚೀಲ ತುಳಿಯುವ ಹಮಾಲರನ್ನು ತೋರಿಸಿ, “ಅವರು ತುಳದ್ರ ಕಾಯಿ ಮುರೀತಾವ್ರಿ, ನಾ ತುಳದ್ರ ಒಂದು ಬೀಜಾನೂ ಉದುರೂದಿಲ್ಲ” ಅನ್ನುತ್ತಾರೆ. ಲಿನಕ್ಸ್ ಕಂಪ್ಯೂಟರಿನಲ್ಲಿ ಒತ್ತಿ ಕಟ್ಟಿದ ಫೈಲನ್ನು ವಿಂಡೋಸಿನದರಲ್ಲಿ ಬಿಚ್ಚಿ, ಅಲ್ಲಿ ಕಟ್ಟಿದ್ದನ್ನು ಇಲ್ಲಿ ಬಿಚ್ಚಿ, ಎರಡೂ ತಾಳೆಯಾದ ಮೇಲೇ ಅವರು ಮನೆಗೆಂದು ರಾಣೆಬೆನ್ನೂರಿನ ಬಸ್ಸು ಹತ್ತುವುದು. ಮದುವೆಯ ಪಂಕ್ತಿಯಲ್ಲೂ ಪಕ್ಕದವರಿಗೆ, “ಬಿಚ್ಚಿ ನೋಡೂತನಕಾ ಮೂಲ ಫೈಲ್ ಅಳಸಬ್ಯಾಡ್ರಿ” ಎಂದು ಬುದ್ಧಿ ಹೇಳುತ್ತಾರೆ. ಕೇಳಿದವರು ಹಪ್ಪಳ ಮುರಿಯುತ್ತ ತಲೆಯಾಡಿಸುತ್ತಾರೆ. ಲೈಬ್ರರಿಯ ಹೊಸ ಆವೃತ್ತಿ ಬಂದಾಗಲೆಲ್ಲ ಬಾಗಿಲು ಮುಂದೆ ಮಾಡಿ, ಮೊದಲು 2003ರ ಒಂದು ಹಳೇ ಗಂಟನ್ನೇ ಬಿಚ್ಚುತ್ತಾರೆ. ಮೈಕು ಪರೀಕ್ಷೆಗೆಂದು ರೆಕಾರ್ಡ್ ಮಾಡಿಕೊಂಡಿದ್ದ, ಹೆಂಡತಿ ಪುಷ್ಪಲತಾಳ ಮಾತು ಅದು. ಇದು ಧ್ವನಿಯ ಫೈಲು, ಅಕ್ಷರದ್ದಲ್ಲ ಎಂದು ಪ್ರೋಗ್ರಾಮಿಗೆ ಹೇಳಲು ಅಂದು ಇವರು ಮರೆತಿದ್ದರು. ಲಿನಕ್ಸಿನಲ್ಲಾಗಿದ್ದರೆ ಅದರಿಂದ ಏನೂ ಆಗುತ್ತಿರಲಿಲ್ಲ. ಆದರೆ ಅಂದು ಕಟ್ಟಿದ್ದು ವಿಂಡೋಸಿನಲ್ಲಿ; ಅಲ್ಲಿ ಪ್ರೋಗ್ರಾಮು, ಫೈಲು ನಡುವೆಯೇ ಮುಗಿಯಿತೆಂದು ತಿಳಿದು ಅಷ್ಟನ್ನೇ ಕಟ್ಟಿತ್ತು. ಇವರು ಬಿಚ್ಚಿ ನೋಡದೆ ಮೂಲವನ್ನು ಅಳಿಸಿದರು. ಮರುವರ್ಷ ಅವಳು ತೀರಿಕೊಂಡಳು. ಕಟ್ಟಿದಷ್ಟನ್ನು ಲೈಬ್ರರಿ ಇಂದಿಗೂ ಒಂದಿಷ್ಟೂ ಕೆಡದಂತೆ ಬಿಚ್ಚಿಕೊಡುತ್ತದೆ: “ಏನ್ರೀ, ಇಲ್ಲಿ ಕೇಳ್ರಿ...” ಅಷ್ಟೇ. ಮುಂದೆ ಅವಳು ಏನು ಹೇಳಿದ್ದಳೆಂಬುದು ಅವರಿಗೆ ನೆನಪಿಲ್ಲ. ಆದರೂ ಪ್ರತಿ ಸಲ, “ಹೂಂ, ಹೇಳು” ಎಂದು ಕಾಯುತ್ತಾರೆ.