ಉಗುರಿನ ಹಸಿರು

ನಮ್ಮ ಕೆಳಮನೆಯ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಯಾವಾಗಲೂ ಹಸಿರು ಕೂತಿರುತ್ತಿತ್ತು. ಕಂಡ ಎಲೆಯನ್ನೆಲ್ಲ ಚಿವುಟಿ, ಹಿಸುಕಿ, ಮೂಸಿ ನೋಡುವ ಚಾಳಿ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಲಾಲ್‌ಬಾಗಿನ ಮರಗಳ ಹೆಸರುಫಲಕವನ್ನೂ ಸುಮ್ಮನೆ ನಂಬುತ್ತಿರಲಿಲ್ಲ. 'ಬೋರ್ಡ್ ಬರ್ದೋರೂ ಮನುಷ್ಯರೇ ಅಲ್ವೇನಮ್ಮ?' ಎನ್ನುತ್ತಿದ್ದರು.

ಅಂಗಡಿಯ ಜೇನುತುಪ್ಪ, ಆಟೊ ಮೀಟರು, ಎಳನೀರಿನವನ ಮಾತು, ಎಲ್ಲದರ ಮೇಲೂ ಅವರಿಗೆ ಗುಮಾನಿ. ಒಮ್ಮೆ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ, ಗಾಜಿನ ಮನೆಯೊಳಗೆ ಅಷ್ಟು ಜನರ ನಡುವೆ ಹಗ್ಗದಾಚೆ ಬಗ್ಗಿ ಗುಲಾಬಿಯ ದಳ ಮುಟ್ಟಿದರು. ಕಾವಲಿನವನು ಸೀಟಿ ಊದಿದ. 'ಪ್ಲಾಸ್ಟಿಕ್ಕೇನೋ ಅಂತ ನೋಡ್ದೆ ಕಣಪ್ಪಾ' ಎಂದರು. ಜತೆಗಿದ್ದ ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಆಗ ಅಮ್ಮನಿಗೆ ಕಷಾಯದ ಹುಚ್ಚು. ವಾಕಿಂಗ್ ಗೆಳತಿಯೊಬ್ಬರು ಬನಶಂಕರಿಯ ತಮ್ಮ ಕಾಂಪೌಂಡಿನಿಂದ ಅಮೃತಬಳ್ಳಿ ತಂದು, ಗಾಜಿನ ಮನೆಯೆದುರಿನ ಬೆಂಚಿನ ಮೇಲೆ ಎಲ್ಲರಿಗೂ ಹಂಚುತ್ತಿದ್ದರು. ಅಮ್ಮ ತಿಂಗಳಿನಿಂದ ಕುಡಿಯುತ್ತಿದ್ದಳು. ಊಟ ಸೇರದೆ ಸೊರಗಿದ್ದಳು. ಅದಕ್ಕೂ ಇನ್ನೊಂದು ಲೋಟ ಕಷಾಯವೇ ಮದ್ದು.

ಒಂದು ಭಾನುವಾರ ನಮ್ಮೊಂದಿಗೆ ಬಂದಿದ್ದ ಮೇಷ್ಟ್ರು ಅಮ್ಮನ ಕವರಿನಿಂದ ಒಂದು ಕಡ್ಡಿ ತೆಗೆದು ಬೆರಳಾಡಿಸಿದರು.

'ಇದು ಅಮೃತಬಳ್ಳಿ ಅಲ್ಲ. ಮೈತುಂಬ ನರಹುಲಿ ಥರ ಗಂಟಿದೆ ನೋಡಿ. ಅದು ಹೀಗಿರಲ್ಲ.'

ಗೆಳತಿಯ ಮುಖ ಕೆಂಪಾಯಿತು. 'ಹತ್ತು ವರ್ಷದಿಂದ ನಮ್ಮನೇಲಿ ಬೆಳ್ಸಿದೀನಿ ಸಾರ್!'

ನಾನೂ ರೇಗಿದೆ. 'ನಿಮಗೆ ಎಲ್ಲದ್ರಲ್ಲೂ ಅನುಮಾನ ಸಾರ್. ಅವ್ರ ಪ್ರೀತಿ ಮೇಲೂನಾ?'

'ಪ್ರೀತಿ ಮೇಲಲ್ಲಮ್ಮ, ಬಳ್ಳಿ ಮೇಲೆ' ಎಂದವರು ಅಮ್ಮನನ್ನೇ ದಿಟ್ಟಿಸಿದರು. 'ಕಣ್ಣು ಹಳದಿಯಾಗಿದೆ. ಇವತ್ತೇ ಡಾಕ್ಟರ್ ಹತ್ರ ಕರ್ಕೊಂಡು ಹೋಗು.'

ದಿನವೂ ನೋಡುತ್ತಿದ್ದ ಕಣ್ಣು. ನನಗೆ ಕಂಡಿರಲಿಲ್ಲ.

ಜಯನಗರದ ಡಾಕ್ಟರು ರಕ್ತಪರೀಕ್ಷೆ ಮಾಡಿಸಿ ಕಷಾಯ ನಿಲ್ಲಿಸಿದರು. ಇನ್ನಷ್ಟು ದಿನ ಕುಡಿದಿದ್ದರೆ ಲಿವರ್ ಕೈಕೊಡುತ್ತಿತ್ತಂತೆ. ಅಮ್ಮ ಚೇತರಿಸಿಕೊಂಡ ಮೇಲೆ ಮೇಷ್ಟ್ರ ಬಳಿ ಕ್ಷಮೆ ಕೇಳಲು ಹೋದೆ. 'ಆ ರಿಪೋರ್ಟು ಇನ್ನೊಬ್ಬ ಡಾಕ್ಟರ್‌ಗೂ ತೋರಿಸ್ದ್ಯಾ?' ಎಂದರು, ಅಷ್ಟೆ.

ಕಳೆದ ವರ್ಷ ಮೇಷ್ಟ್ರು ತೀರಿಕೊಂಡರು. ಮನೆ ಖಾಲಿ ಮಾಡುವಾಗ ಅವರ ಮಗಳು ಒಂದು ಕುಂಡ ತಂದು, ನಮ್ಮಮ್ಮನಿಗೆಂದು ತನ್ನಪ್ಪ ಬೆಳೆಸಿಟ್ಟಿದ್ದು ಎಂದಳು. ನುಣುಪು ಕಡ್ಡಿಯ ಬಳ್ಳಿ. ಅದಕ್ಕೆ ಕಟ್ಟಿದ್ದ ಚೀಟಿಯಲ್ಲಿ ಅವರದೇ ಅಕ್ಷರ: 'ಅಮೃತಬಳ್ಳಿ. ನಾನು ಹೇಳಿದೆ ಅಂತ ನಂಬಬೇಡಿ. ಇನ್ನೊಬ್ಬರಿಗೆ ತೋರಿಸಿ.'

ಬಳ್ಳಿ ಈಗ ಬಾಲ್ಕನಿಯ ಕಂಬಿ ತುಂಬ ಹಬ್ಬಿದೆ. ಅಮ್ಮ ಕಷಾಯ ಮಾಡುವುದಿಲ್ಲ, ನೀರು ಹಾಕುತ್ತಾಳೆ. ನಾವು ಯಾರಿಗೂ ತೋರಿಸಲಿಲ್ಲ.